ಕೊಳಕು ಹಿಮ

ತಮಿಳು ತಿಂಗಳು ಪಂಗುನಿ ಮುಗಿದು ಚಿತ್ತಿರೈ ಹುಟ್ಟುವ ಏಪ್ರಿಲ್ ನಡುವಿನ ಹೊತ್ತಿಗೆ ಸೇಲಂ ಊರು ಕಾದ ಹೆಂಚಾಗಿರುತ್ತದೆ. ಅಂಥ ಒಂದು ದಿನ ಶೆವ್ವಾಪೇಟೆಯ ತಗಡಿನ ಶೆಡ್ಡೊಂದರಲ್ಲಿ, ತಲೆಯ ಮೇಲೆ ಫ್ಯಾನಿದ್ದೂ ಅದನ್ನು ಹಾಕದೆ, ಸಿದ್ದಲಕ್ಷ್ಮಮ್ಮ ಕೂತು ಹಿಮ ಜರಡಿ ಹಿಡಿಯುತ್ತಿದ್ದಳು. ಫ್ಯಾನು ಹಾಕಿದರೆ ಹಿಮ ಹಾರಿಹೋಗುತ್ತದೆ. ಬೆವರು ಬಿದ್ದರೆ ಕಲೆ ಕೂರುತ್ತದೆ. ಅದಕ್ಕೆ ಹಣೆಗೊಂದು ಬಟ್ಟೆ ಬಿಗಿದು, ಸೆರಗನ್ನು ಬಾಯಿ ಮೂಗಿಗೆ ಸುತ್ತಿಕೊಂಡು, ಕಂಡವರು ಯಾವಳೋ ಕಳ್ಳಿ ಎನ್ನಬೇಕು, ಹಾಗೆ ಕೂತಿದ್ದಳು.

ಅವಳೆದುರು ಮಂಚದಷ್ಟು ಅಗಲದ ಮರದ ಪೆಟ್ಟಿಗೆಯಲ್ಲಿ ಹಿಮಚಿರತೆಯೊಂದು ಬಂಡೆಯ ಮೇಲೆ ಕಾಲೂರಿ ನಿಂತಿತ್ತು. ಬೂದಿ ಬಣ್ಣದ ಮೈ, ಮೈಗೇ ಭಾರವೆನಿಸುವಂಥ ದಪ್ಪ ಬಾಲ, ಗಾಜಿನ ಕಣ್ಣು. ಬಿಳಿಯರ ಕಾಲದಲ್ಲಿ ಯಾವನೋ ದೊರೆ ಹಿಮಾಲಯದಲ್ಲಿ ಹೊಡೆದು, ತೊಗಲಿಗೆ ಹುಲ್ಲು ತುಂಬಿಸಿ, ಸೇಲಮ್ಮಿನ ಕಾಲೇಜೊಂದಕ್ಕೆ ಕೊಟ್ಟು ಹೋಗಿದ್ದ. ಅಲ್ಲಿಂದೀಚೆಗೆ ಅದು ಕಾಲೇಜಿನ ಮ್ಯೂಸಿಯಮ್ಮಿನ ಮೂಲೆಯಲ್ಲಿ ನಿಂತೇ ಇತ್ತು. ಕಾಲಡಿಯ ಹತ್ತಿಯ ಹಿಮ ಹಳದಿಯಾಗಿ, ಕೊನೆಗೆ ಇಲಿ ಗೂಡಾಗಿತ್ತು.

ಶೆಡ್ಡು ಸುಧೀಂದ್ರನದು. ಮ್ಯೂಸಿಯಮ್ಮುಗಳ ಹಳೆಯ ಪ್ರಾಣಿಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಹೊಸದಾಗಿ ಹೊಡೆದು ತುಂಬುವುದಕ್ಕೆ ಈಗ ಕಾನೂನು ಬಿಡುವುದಿಲ್ಲ. ಹಳೆಯವಕ್ಕೆ ಕಿವಿ ಹೊಲಿಯುವುದು, ಉದುರಿದ ಮೀಸೆ ನೆಡುವುದು, ಹುಳು ಹಿಡಿಯದಂತೆ ಔಷಧಿ ಹಚ್ಚುವುದು, ಇಷ್ಟೇ. ಅವನ ತಾಯಿಗೆ ಈ ಕಸುಬು ಇವತ್ತಿಗೂ ಸೇರದು. ಸಂಜೆ ಮನೆಗೆ ಹೋದರೆ ಹಿತ್ತಲ ಬಾಗಿಲಲ್ಲಿ ಬಕೆಟ್ಟು ಇಟ್ಟಿರುತ್ತಾಳೆ, ಸ್ನಾನವಾಗದೆ ಒಳಗೆ ಕಾಲಿಡುವ ಹಾಗಿಲ್ಲ. ಪ್ರಾಣಿಯ ಮೈ ಅವನ ಪಾಲು, ಪ್ರಾಣಿಯ ಕಾಲ ಕೆಳಗಿನದೆಲ್ಲ ಸಿದ್ದಲಕ್ಷ್ಮಮ್ಮನ ಪಾಲು. ಕಾಗದ ಅರೆದು ಬಂಡೆ ಮಾಡುತ್ತಾಳೆ, ಗರಿಕೆ ಒಣಗಿಸಿ ಬಣ್ಣ ಹಾಕುತ್ತಾಳೆ, ಕೆರೆಯ ಕೆಸರನ್ನು ಎಂದೂ ಒಣಗದಂತೆ ಕಾಣಿಸುತ್ತಾಳೆ. ಜಿಂಕೆಗೆ, ಕರಡಿಗೆ, ನೀರುಕೋಳಿಗೆ ನೆಲ ಮಾಡಿದ ಕೈ ಅದು. ಹಿಮ ಮಾತ್ರ ಇದೇ ಮೊದಲು.

ಮೊದಲು ಅವಳು ಆರಿಸಿದ್ದು ಜವ್ವರಿಸಿ, ಎಂದರೆ ಸಬ್ಬಕ್ಕಿಯ ಹಿಟ್ಟನ್ನು. ಸೇಲಂ ಸೀಮೆಯವರಿಗೆ ಬೆಳ್ಳಗಿನದು ಎಂದರೆ ನೆನಪಿಗೆ ಬರುವುದೇ ಅದು. ಮರಗೆಣಸು ಅರೆದ ಹಾಲು ತೊಟ್ಟಿಯಲ್ಲಿ ತಳ ಹಿಡಿದು, ಅಂಗಳದಲ್ಲಿ ಒಣಗಿ ಹಿಟ್ಟಾಗುತ್ತದಲ್ಲ, ಶೆಡ್ಡಿಗೆ ಬರುವ ಮೊದಲು ಅವಳು ಅಂಥ ಅಂಗಳದಲ್ಲೇ ಕೂಲಿ ಮಾಡಿದ್ದವಳು. ಬೆರಳ ನಡುವೆ ಒತ್ತಿದರೆ ಕಿರ್ರೆನ್ನುವ ಆ ಹಿಟ್ಟನ್ನು ಬಂಡೆಯ ಮೇಲೆ ಉದುರಿಸಿದಾಗ ಸುಧೀಂದ್ರನೂ ತಲೆದೂಗಿದ್ದ. ಮಾರನೆಯ ದಿನ ಬಂದು ನೋಡಿದರೆ ಹಿಮಾಲಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವೆಗಳ ಸಾಲು.

"ನೋಡಿ ಸಿದ್ದಕ್ಕ, ಶೆವ್ವಾಪೇಟೆ ಇರುವೆಗಳೆಲ್ಲಾ ಕೈಲಾಸ ಯಾತ್ರೆ ಹೊರಟಿವೆ" ಎಂದ ಸುಧೀಂದ್ರ.

"ನಗ್ಬ್ಯಾಡಿ ಸಾರ್. ಇವತ್ತು ಇರುವೆ ಬಂತು, ನಾಳೆ ಉಳ ಬತ್ತದೆ. ಇಟ್ಟು ಮುಗುದ್ರೆ ಚಿರತೆ ತೊಗಲು ತಿಂತಾವೆ" ಎಂದು ಅವಳೇ ಪೊರಕೆ ತಂದು ಎಲ್ಲವನ್ನೂ ಗುಡಿಸಿ ಹಾಕಿದಳು.

ಎರಡನೆಯ ಸಲ ಹಿಟ್ಟಿನ ಸಹವಾಸಕ್ಕೆ ಹೋಗಲಿಲ್ಲ. ಅಮೃತಶಿಲೆಯ ಪುಡಿ, ಸಾಸಿವೆಗಿಂತ ಸಣ್ಣ ಗಾಜಿನ ಮಣಿ, ಹಳದಿಗೆ ತಿರುಗದ ಬಿಳಿ ಗೋಂದು. ಗೋಂದು ಬಳಿದು ಜರಡಿ ಹಿಡಿಯುವುದು, ಒಣಗಿದ ಮೇಲೆ ಮತ್ತೆ ಬಳಿದು ಮತ್ತೆ ಜರಡಿ. ಆ ಚಿತ್ತಿರೈ ದಿನ ಅವಳು ಕೊನೆಯ ಪದರ ಹಾಕುತ್ತಿದ್ದಳು. ಹಿಮ ಮಲ್ಲಿಗೆ ಬುಟ್ಟಿ ಬೋರಲು ಹಾಕಿದಂತೆ ಬಿದ್ದಿತ್ತು. ಎಲ್ಲೂ ಒಂದು ಕಪ್ಪು ಚುಕ್ಕೆಯಿಲ್ಲ. ಅಷ್ಟು ಬೆಳ್ಳಗಿರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಅದು ಹಾಗೇ ಇರಬೇಕೆಂಬ ಹಟ ಅವಳಲ್ಲಿತ್ತು, ಮತ್ತು ಆ ಹಟಕ್ಕೆ ಆರೇಳು ವರ್ಷ ವಯಸ್ಸಾಗಿತ್ತು.

ಏಕೆಂದರೆ ಅವಳ ಬಳಗದಲ್ಲೆಲ್ಲ ಹಿಮ ಕಂಡವನು ಒಬ್ಬನೇ, ಅವಳ ಗಂಡ ಅಣ್ಣಯ್ಯಪ್ಪ. ಅವನು ನಿಜವಾಗಿ ಕಂಡನೋ ಇಲ್ಲವೋ ಎಂಬುದೇ ಅವರಿಬ್ಬರ ನಡುವಿನ ವ್ಯಾಜ್ಯ.

ಆಗ ಅಣ್ಣಯ್ಯಪ್ಪ ಸಂಕಗಿರಿಯ ಲಾರಿಗಳಲ್ಲಿ ಡ್ರೈವರು. ಒಂದು ತೈ ತಿಂಗಳು, ಸಂಕ್ರಾಂತಿ ಕಳೆದ ಮೇಲೆ, ಜವ್ವರಿಸಿ ಮೂಟೆ ಹೇರಿಕೊಂಡು ಕಾಶ್ಮೀರದ ಕಡೆ ಹೋದ, ಬರುವಾಗ ಸೇಬು ತರುತ್ತೇನೆಂದು. ಅವನು ಆಚೆ ಹೋದ ಮೇಲೆ ಇತ್ತ ಸಿದ್ದಲಕ್ಷ್ಮಮ್ಮನ ಅವ್ವ ತೀರಿಕೊಂಡಳು. ಅವ್ವನಿಗೆ ಇವಳೊಬ್ಬಳೇ ಮಗಳು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಹೆಣಕ್ಕೆ ಮೊದಲ ಹೆಗಲು ಅಳಿಯನದು. ಫೋನು ಮಾಡಿದರೆ ಒಬ್ಬ ಹೆಂಗಸು ಒಂದೇ ಸಮ ಹೇಳುತ್ತಿದ್ದಳು: "ತೊಡರ್ಬು ಎಲ್ಲೈಕ್ಕು ವೆಳಿಯೇ ಉಳ್ಳಾರ್." ಸಂಪರ್ಕದ ಎಲ್ಲೆಯ ಆಚೆಗಿದ್ದಾನೆ. ಯಾವ ಎಲ್ಲೆ, ಎಷ್ಟು ಆಚೆ, ಅದು ಮಾತ್ರ ಅವಳು ಹೇಳಲಿಲ್ಲ. ಹೆಣವನ್ನು ಒಂದು ರಾತ್ರಿ ಇಟ್ಟುಕೊಂಡು ಕಾದರು. ಕೊನೆಗೆ ಯಾರ್ಯಾರೋ ಹೊತ್ತು ಮಣ್ಣು ಮಾಡಿ ಬಂದರು.

ಅಣ್ಣಯ್ಯಪ್ಪ ಬಂದದ್ದು ಮುಂದಿನ ತಿಂಗಳು. ಗಡ್ಡ ಬಿಟ್ಟಿದ್ದ, ತುಟಿ ಒಡೆದಿತ್ತು, ಮುಖದ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಸುಲಿದಿತ್ತು. ಹಿಮ ಬಿದ್ದು ರಸ್ತೆ ಮುಚ್ಚಿತು, ಲಾರಿ ಸಾಲಿನಲ್ಲಿ ಸಿಕ್ಕಿಕೊಂಡೆ ಎಂದ. ಅಷ್ಟರೊಳಗೆ ಹರೂರು ಬಸ್ಸಿನ ಕಂಡಕ್ಟರ್ ವೆಂಕಟಾಚಲಂ ಬೇರೆಯೇ ಮಾತು ಬಿತ್ತಿಯಾಗಿತ್ತು. ಹರೂರಿನಲ್ಲಿ ಪೂಂಗೊಡಿ ಎಂಬವಳ ಇಡ್ಲಿ ಅಂಗಡಿ, ಲಾರಿಯವರೆಲ್ಲ ನಿಲ್ಲಿಸುವ ಜಾಗ. "ಅಲ್ಲೇ ಕಂಡೆ ನಾನು, ಕಣ್ಣಾರ ಕಂಡೆ. ಅವ್ರಲ್ಲಾಂದ್ರೆ ಅವ್ರಂತೋರೇ ಇನ್ನೊಬ್ರು" ಎಂದಿದ್ದನಂತೆ. ಆ ಮಾತಿನ ಕೊನೆಯ ಅರ್ಧ ಊರು ತಲುಪುವ ಮೊದಲೇ ಉದುರಿಹೋಗಿತ್ತು. ಮುಖ ಸುಲಿದಿದೆಯಲ್ಲ ಎಂದರೆ, ಹರೂರಿನಲ್ಲಿ ಬಿಸಿಲಿಲ್ಲವೇ ಎಂದರು.

ಕೊಳತ್ತೂರಿನ ಆಚೆ ಅವರ ಹಟ್ಟಿಯಲ್ಲಿ, ಬೇವಿನ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕೂತರು. ಕೂರಿಸಿದವಳು ಸಿದ್ದಲಕ್ಷ್ಮಮ್ಮನೇ. ಅವಳಿಗೆ ಬೇಕಾಗಿದ್ದದ್ದು ಶಿಕ್ಷೆಯಲ್ಲ. ಅವನು ಎಲ್ಲರ ಮುಂದೆ ಏನಾದರೂ ಒಂದು ಮಾತು ಹೇಳಲಿ, ಹಿಮ ಕಂಡವನಲ್ಲದೆ ಬೇರೆಯವನು ಹೇಳಲಾರದ ಮಾತು, ಅದನ್ನು ಹಿಡಿದುಕೊಂಡು ಮನೆಗೆ ಹೋಗೋಣ ಎಂದಿದ್ದಳು.

"ಏನಪ್ಪಾ ಅಣ್ಣಯ್ಯಪ್ಪ, ಮಂಜು ಬಿತ್ತು ಅಂತೀಯ. ಎಂಗಿತ್ತು ಏಳು, ನಾವೂ ಕೇಳಾನ" ಎಂದರು ಕಟ್ಟೆಯ ಹಿರಿಯ ಸುಬ್ಬರಾಯಪ್ಪ.

"ಎಂಗಿತ್ತು ಅಂದ್ರೆ? ಕೊಳಕಾಗಿತ್ತು ಮಾವ."

"ಕೊಳಕಾ?"

"ಊ ಮತ್ತೆ. ಬೀಳ್ವಾಗ ಬೆಳ್ಳಗೇ ಇರ್ತದೆ. ನಾಕು ದಿನ ಕಳೀಲಿ, ರೋಡ್ ಪಕ್ಕದಾಗೆ ಕರ್ರಗೆ, ಎಣ್ಣೆ ಇಂಡಿ ಇದ್ದಂಗೆ. ಲಾರಿ ಒಗೆ, ಮಣ್ಣು, ಎಲ್ಲಾ ಅದ್ರ ಮೇಲೇ."

ಕಟ್ಟೆಯ ಎದುರಿನ ಟೀ ಅಂಗಡಿಯಲ್ಲಿ ರಸಗೊಬ್ಬರದವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಹಿಮ ಬಿದ್ದ ಬೆಟ್ಟ, ಬೆಟ್ಟದ ಕೆಳಗೆ ಕೆಂಪು ಹೆಂಚಿನ ಮನೆ. ಹಾಲು ಚೆಲ್ಲಿದಂಥ ಬಿಳುಪು. ಎಲ್ಲರ ಕಣ್ಣೂ ಒಮ್ಮೆ ಅಲ್ಲಿಗೆ ಹೋಗಿ ಬಂತು. ಕೂತಿದ್ದವರಲ್ಲಿ ಯಾರೊಬ್ಬರೂ ಮೇಟ್ಟೂರು ಐಸ್ ಫ್ಯಾಕ್ಟರಿಯ ಗಡ್ಡೆ ಬಿಟ್ಟರೆ ಬೇರೆ ಮಂಜು ಕಂಡವರಲ್ಲ. ಆದರೂ ಹಿಮ ಕೊಳಕಾಗಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಸಿದ್ದಲಕ್ಷ್ಮಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಬ್ಯಾರೆ ಏನ್ ಕಂಡೆ? ಸರಿಯಾಗಿ ಗ್ಯಾಪಕ ಮಾಡ್ಕಂಡು ಏಳು" ಎಂದಳು.

ಅವನು ನಿಜವಾಗಿಯೂ ಯೋಚಿಸಿದ. ಸುಳ್ಳು ಹೇಳುವವರು ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲವೆಂದು ಅವಳಿಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

"ಲಾರಿ ಪಕ್ಕದಾಗೆ ಸ್ಟವ್ ಅಚ್ಚಿ ಟೀ ಕಾಸ್ತಿದ್ದೊ. ಚರಟ ಮಂಜಿನ ಮ್ಯಾಲೆ ಎಸೀತಿದ್ದೆ. ಮಂಜು ನಿಂತು ಬಿಸ್ಲು ಬಂತು ನೋಡು, ಕಣ್ಣು ಬಿಡಾಕಾಗಲ್ಲ ಅಂತಾ ಬಿಸ್ಲು. ಆವಾಗ ನೋಡಿದ್ರೆ ಆ ಟೀ ಚರಟ, ಒಂದೊಂದು ಚೂರೂ ತನ್ನ ಪಾಡಿಗೆ ಒಂದೊಂದು ಗುಳಿ ತೋಡ್ಕಂಡು ಒಳಗೆ ಇಳ್ದು ಕುಂತಿತ್ತು. ಅದ್ನೇ ನೋಡ್ಕಂಡು ಕುಂತಿದ್ದೆ ದಿನಾ. ಬ್ಯಾರೆ ಏನಿತ್ತು ಅಲ್ಲಿ ನೋಡಾಕೆ?"

"ಓಹೋ, ಟೀ ಸೊಪ್ಪಿನ ಕೈಗೆ ಗುದ್ದಲಿ ಕೊಟ್ಟಿದ್ದೆ ಅನ್ನು!"

ಹೇಳಿದವಳು ಸಿದ್ದಲಕ್ಷ್ಮಮ್ಮನೇ. ಕಟ್ಟೆ ಬಿದ್ದು ಬಿದ್ದು ನಕ್ಕಿತು. ಸುಬ್ಬರಾಯಪ್ಪನವರ ಬಾಯಿಂದ ಎಲೆ ಅಡಿಕೆ ಹೊರಗೆ ಬಂತು. ಅಷ್ಟು ಜನ ತನ್ನ ಒಂದು ಮಾತಿಗೆ ನಕ್ಕದ್ದು ಅವಳಿಗೆ ಒಂದು ಗಳಿಗೆ ಹಿತವಾಗಿಯೂ ಇತ್ತು. ಅಣ್ಣಯ್ಯಪ್ಪ ಬೇರೆ ಯಾರನ್ನೂ ನೋಡಲಿಲ್ಲ, ಅವಳನ್ನೇ ನೋಡಿದ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಆಯ್ತು. ನಾನು ಅರೂರಾಗೇ ಇದ್ದೆ. ಸಾಕಾ?"

ಜನ ಅದನ್ನೇ ಒಪ್ಪಿಗೆ ಎಂದು ತಿಳಿದರು. ತೀರ್ಪು ಎಂದು ಯಾರೂ ಹೇಳಬೇಕಾಗಲಿಲ್ಲ. ಅವಳು ಸೇಲಮ್ಮಿಗೆ ಬಂದು ಒಂದು ಕೋಣೆ ಹಿಡಿದಳು. ಅವನು ಸ್ಟಿಯರಿಂಗ್ ಬಿಟ್ಟು ಹಟ್ಟಿಯಲ್ಲೇ ಉಳಿದು ಅಣ್ಣನ ಜೊತೆ ಮೇಟ್ಟೂರು ಡ್ಯಾಮಿನ ನೀರಿಗೆ ಬಲೆ ಹಾಕುತ್ತಿದ್ದಾನೆಂದು ಯಾರೋ ಹೇಳಿದರು. ಅಲ್ಲಿಂದ ಮುಂದಕ್ಕೆ ಮಾತಿಲ್ಲ ಕತೆಯಿಲ್ಲ.

ಕೋಣೆಯಲ್ಲಿ ಅವಳು ಒಬ್ಬಳಿಗೆ ಅಕ್ಕಿ ಹಾಕುವುದನ್ನು ಕಲಿತಳು. ಹಬ್ಬದ ದಿನ ಬೆಳಗ್ಗೆ ಶೆಡ್ಡಿನ ಬೀಗ ತೆಗೆದು ಕೂತಿರುತ್ತಿದ್ದಳು. ಸುಧೀಂದ್ರ ಹೊರಗೆ ಹೋದಾಗ ಕೈಯಲ್ಲಿದ್ದ ಪ್ರಾಣಿಯೊಂದಿಗೆ ಮಾತಾಡುತ್ತಿದ್ದಳು. ಕರಡಿ ಒಳ್ಳೆ ಕೇಳುಗ, ನೀರುಕೋಳಿಗೆ ಗಮನ ಸಾಲದು. ಈ ಹಿಮಚಿರತೆ ಮಾತ್ರ ಅವಳ ತಲೆಯ ಮೇಲಿಂದ ದೂರ ಎಲ್ಲೋ ನೋಡುತ್ತಿತ್ತು.

ಕೊನೆಯ ಪದರ ಒಣಗಿದ ಮೇಲೆ ಆರತಿ ನೋಡಲು ಬಂದಳು. ಸೇಲಮ್ಮಿನ ಹಸ್ತಂಪಟ್ಟಿಯ ಹುಡುಗಿ, ಸುಧೀಂದ್ರನಿಗೆ ದೂರದ ನೆಂಟಳು. ಹಿಮಚಿರತೆಗಳನ್ನೇ ಓದಿಕೊಂಡವಳು, ಕೆಲವು ಚಳಿಗಾಲ ಹಿಮಾಚಲದ ಸ್ಪಿತಿಯ ಬೆಟ್ಟಗಳಲ್ಲಿ ಡೇರೆ ಹಾಕಿ ಅವುಗಳ ಹೆಜ್ಜೆ ಹುಡುಕಿ ಬಂದಿದ್ದಳು. ಪೆಟ್ಟಿಗೆ ಸರಿಯಾಗಿದೆಯೇ ಎಂದು ನೋಡಿ ಹೇಳಲು ಕಾಲೇಜಿನವರು ಅವಳನ್ನು ಕೇಳಿಕೊಂಡಿದ್ದರು. ಬಂದವಳು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದಳು.

"ಎಷ್ಟು ಚೆನ್ನಾಗಿ ಮಾಡಿದೀರಮ್ಮ. ಕೈ ಹಾಕಿದ್ರೆ ಕೊರೆಯತ್ತೇನೋ ಅನ್ಸತ್ತೆ."

"ಆಮೇಲೇನು, ಏಳು ಮಗಾ. ಇನ್ನೇನೋ ಐತೆ ನಿನ್ನ ಮನಸ್ನಾಗೆ."

ಆರತಿ ನಕ್ಕಳು. "ಇದು ಕ್ಯಾಲೆಂಡರ್ ಹಿಮ ಅಮ್ಮ. ಈಗ ತಾನೇ ಬಿದ್ದಿದ್ದು, ಯಾರೂ ತುಳೀದೆ ಇರೋದು. ನಮ್ಮ ಚಿರತೆ ನಿಂತಿರೋದು ಚಳಿಗಾಲದ ಕೊನೇಲಿ. ಆ ಹೊತ್ತಿಗೆ ಹಿಮ ಹಳೇದಾಗಿರತ್ತೆ. ಧೂಳು ಕೂತು, ಮೇಲೆ ಹೊಪ್ಪಳೆ ಕಟ್ಟಿ… ನಿಜ ಹೇಳಬೇಕು ಅಂದ್ರೆ ಕೊಳಕಾಗಿರತ್ತೆ."

ಸಿದ್ದಲಕ್ಷ್ಮಮ್ಮ ಒರೆಸುತ್ತಿದ್ದ ಜರಡಿಯನ್ನು ಕೆಳಗಿಟ್ಟಳು.

"ಏನಂದೆ?"

"ಕೊಳಕು. ತಾಳಿ, ತೋರಿಸ್ತೀನಿ." ಫೋನು ತೆಗೆದು ಒಂದೊಂದೇ ಫೋಟೋ ಸರಿಸಿದಳು. ಬೂದು ಬಣ್ಣದ ಇಳಿಜಾರು, ಕಂದು ಧೂಳು ಹಿಡಿದ ಹಿಮ, ತೂತು ತೂತಾದ ಅಂಚು. ಸರಿಸುವಾಗ ನಡುವೆ ಒಂದು ರಸ್ತೆ ಬಂತು. ರಸ್ತೆಯ ಬದಿಗೆ ಎದೆಮಟ್ಟದ ಕರಿ ಗೋಡೆ, ಅದರ ಪಕ್ಕ ಲಾರಿಗಳ ಸಾಲು. "ಇದು ದಾರೀಲಿ ತೆಗೆದಿದ್ದು, ಬಿಡಿ" ಎಂದು ಆರತಿ ಮುಂದಕ್ಕೆ ತಳ್ಳಿದಳು.

"ಬಿಡ್ಬ್ಯಾಡ. ಇಂದಕ್ಕೆ ಓಗು. ಅದೇನದು ಕರ್ರಗೆ, ಗ್ವಾಡೆ ಇದ್ದಂಗೆ?"

"ಅದೂ ಹಿಮಾನೇ ಅಮ್ಮ. ಜೆಸಿಬಿಯವರು ರಸ್ತೆ ಬಿಡಿಸಿ ಪಕ್ಕಕ್ಕೆ ಗುಡ್ಡೆ ಹಾಕಿರ್ತಾರೆ. ಗಾಡಿ ಹೊಗೆ ಕುಡಿದೂ ಕುಡಿದೂ ಹಾಗಾಗಿರತ್ತೆ."

ಎಣ್ಣೆ ಹಿಂಡಿ ಇದ್ದ ಹಾಗೆ. ಸಿದ್ದಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಲಾರಿಗಳ ನಂಬರು ಓದಲು ಬರುವಷ್ಟು ದೊಡ್ಡದಾಗಿರಲಿಲ್ಲ. ಬಂದಿದ್ದರೂ ಏನು, ಅದು ಬೇರೆ ವರ್ಷ, ಬೇರೆ ರಸ್ತೆ. ಬೇರೆ ಡ್ರೈವರುಗಳು ಹೇಳಿದ್ದನ್ನು ಕೇಳಿ ಅವನು ಹೇಳಿರಬಹುದು. ಪೂಂಗೊಡಿಯ ಬೆಂಚಿನ ಮೇಲೆ ಅಂಥ ಎಷ್ಟು ಜನ ಕೂರುವುದಿಲ್ಲ? ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು, ಬೇಗ ಬೇಗ.

ಆರತಿ ಪೆಟ್ಟಿಗೆಯೊಳಗೆ ಬೆರಳು ತೋರಿಸುತ್ತಿದ್ದಳು. "ಇಲ್ಲಿ ಒಣ ಕಡ್ಡಿ ಬರಬೇಕು. ಅಲ್ಲಿ ಕಾಡುಮೇಕೆ ಹಿಕ್ಕೆ."

"ಇಕ್ಕೆ ಬೇಕಾದ್ರೆ ನಮ್ಮೂರಿಂದ ಮೂಟೆ ತರ್ಸಾನ ಬಿಡು" ಎಂದಳು ಸಿದ್ದಲಕ್ಷ್ಮಮ್ಮ, ಮನಸ್ಸು ಎಲ್ಲೋ ಇಟ್ಟುಕೊಂಡು.

"ತರಿಸಿ. ಆದ್ರೆ ಸುಮ್ನೆ ಮೇಲೆ ಉದುರಿಸಬೇಡಿ. ಕಪ್ಪಗಿರೋದು ಯಾವುದೂ ಹಿಮದ ಮೇಲೆ ಕೂರಲ್ಲ. ಬಿಸಿಲನ್ನ ಅದು ಜಾಸ್ತಿ ಕುಡಿಯತ್ತೆ, ತನ್ನ ಸುತ್ತ ಇರೋದನ್ನ ಕರಗಿಸಿಕೊಂಡು ಒಳಗೆ ಇಳಿಯತ್ತೆ. ಒಂದೊಂದು ಹಿಕ್ಕೇನೂ ತನ್ನದೇ ಒಂದು ಗುಳೀಲಿ ಇರತ್ತೆ. ಅದನ್ನ ಮಾಡಿದ್ರೆ ಸಾಕು, ನೋಡಿದವರಿಗೆ ನಿಜ ಅನ್ಸತ್ತೆ."

ಹೊರಗೆ ರಸ್ತೆಯಲ್ಲಿ ಯಾರೋ ಹಳೇ ಪಾತ್ರೆ ಕೊಳ್ಳುವವನು ಕೂಗಿಕೊಂಡು ಹೋದ. ಆ ಕೂಗು ಮುಗಿಯುವ ತನಕ ಅವಳು ಜರಡಿ ಎತ್ತಿಕೊಂಡು ಅದರ ಅಂಚು ಒರೆಸಿದಳು.

"ಟೀ ಚರಟ ಎಸುದ್ರೆ?"

"ಅಯ್ಯೋ! ಅದನ್ನ ಕ್ಯಾಂಪಲ್ಲಿ ದಿನಾ ನೋಡ್ತಿದ್ವಿ. ಒಂದೊಂದು ಎಲೆ ಚೂರಿಗೂ ಒಂದೊಂದು ತೂತು. ಮೊದಲನೇ ಸಲ ನೋಡಿದಾಗ ನಾನೇ ನಂಬಲಿಲ್ಲ. ನಿಮಗೆ ಹೇಗಮ್ಮ ಗೊತ್ತು?"

"ಯಾರೋ ಏಳಿದ್ರು" ಎಂದಳು ಸಿದ್ದಲಕ್ಷ್ಮಮ್ಮ. ಎದ್ದು ಹೋಗಿ, ಯಾವ ಕಾರಣವೂ ಇಲ್ಲದೆ, ಫ್ಯಾನು ಹಾಕಿದಳು. ಒಣಗಿ ಉಳಿದಿದ್ದ ಪುಡಿಯೆಲ್ಲ ಎದ್ದು ಶೆಡ್ಡಿನ ತುಂಬ ಹಾರಿತು. ಆರತಿ ಕೆಮ್ಮುತ್ತ ಹೊರಗೋಡಿದಳು.

ಅವನು ಅಲ್ಲಿದ್ದ. ರಸ್ತೆ ಬದಿಯಲ್ಲಿ, ಸ್ಟವ್ವಿನ ಪಕ್ಕ, ಟೀ ಚರಟ ಹಿಮದೊಳಕ್ಕೆ ಇಳಿಯುವುದನ್ನು ನೋಡುತ್ತ ಕೂತಿದ್ದ. ಇತ್ತ ಅವ್ವನ ಹೆಣ ಅವನ ಹೆಗಲಿಗೆ ಕಾಯುತ್ತಿದ್ದಾಗ ಅವನು ನಿಜವಾಗಿಯೂ ಎಲ್ಲೆಯ ಆಚೆಗಿದ್ದ. ಬೇರೆಯವರ ಬಾಯಿಂದ ಕೇಳಿ ಹೇಳುವ ಮಾತಲ್ಲ ಅದು. ಲಾರಿಯವರು ಹಿಮದ ಬಗ್ಗೆ ಹೇಳಿದರೆ ಬೆಟ್ಟ ಹೇಳುತ್ತಾರೆ, ಚಳಿ ಹೇಳುತ್ತಾರೆ. ಟೀ ಚರಟ ಯಾರು ಹೇಳುತ್ತಾರೆ? ಅವನೂ ಹೇಳುತ್ತಿರಲಿಲ್ಲ, ಅವಳು ಕೇಳಿದ್ದಕ್ಕೆ ಹೇಳಿದ್ದ.

ಮಾರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಶೆಡ್ಡಿನ ಹಿಂದಿನ ನೆರಳಿಗೆ ಹೋಗಿ ಫೋನು ಮಾಡಿದಳು. ನಂಬರನ್ನು ಅವಳು ಯಾವತ್ತೂ ಅಳಿಸಿರಲಿಲ್ಲ.

"ಯಾರು?" ಅದೇ ಗಂಟಲು. ಹಿಂದೆ ನೀರಿನ ಸದ್ದು, ಗಾಳಿ.

"ನಾನೇ."

ಅವಳು ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಒಂದು ಕೇಳ್ಬೇಕಿತ್ತು. ಟೀ ಚರಟ ಇಳ್ದಿತ್ತು ಅಂದ್ಯಲ್ಲ ಮಂಜಿನಾಗೆ… ಎಷ್ಟು ಆಳ ಇಳ್ದಿತ್ತು?"

"ಯಾಕೆ? ಈಗ ಯಾವ ಕಟ್ಟೆ ಮ್ಯಾಲೆ ಪಂಚಾಯ್ತಿ ಕೂರ್ಸಿದ್ದೀಯ?"

"ಪಂಚಾಯ್ತಿ ಅಲ್ಲ. ಕೆಲ್ಸಕ್ಕೆ ಬೇಕು. ಚಿರತೆ ಪೆಟ್ಗೆಗೆ ಮಂಜು ಮಾಡ್ತಾ ಇವ್ನಿ."

"ಮಂಜು ಮಾಡ್ತಾ ಇದ್ದೀಯ." ಅವನು ಆ ಮಾತನ್ನು ತೂಗಿ ನೋಡಿದ ಹಾಗಿತ್ತು. "ಸೇಲಂನಾಗೆ. ನಡು ಬ್ಯಾಸ್ಗೆ ಕತ್ತಿರಿ ಬಿಸ್ಲು ಬರೋ ಒತ್ನಾಗೆ."

"ಊ."

"ಬೆರಳು ಒಂದು ಗೆಣ್ಣು" ಎಂದ. "ಮದ್ಲು ದಿನ ಅಷ್ಟು. ಆಮ್ಯಾಕೆ ಇನ್ನೂ ಇಳೀತು, ಕಾಣ್ಲಿಲ್ಲ. ಗುಳಿ ನೆಟ್ಟಗಿರಲ್ಲ, ಬಿಸ್ಲು ಬರೋ ಕಡೀಕೆ ಓರೆಯಾಗಿರ್ತದೆ."

"ಓರೆಯಾಗಿ."

"ಊ. ಕೇಳಿದ್ದು ಆಯ್ತಾ?"

ಆಗಿರಲಿಲ್ಲ. ಹೇಳಬೇಕಾದ ಮಾತು ಗಂಟಲಲ್ಲಿ ಬೆಂದ ಗೆಣಸಿನಂತೆ ಕೂತಿತ್ತು, ಒಳಗೂ ಹೋಗದು, ಹೊರಗೂ ಬಾರದು. "ಆಯ್ತು" ಎಂದಳು. ಆಮೇಲೆ, "ಕಾಲೇಜು ಮ್ಯೂಸಿಯಂನಾಗೆ ಇಕ್ತಾರೆ. ಸೇಲಂ ಕಡೆ ಬಂದ್ರೆ ನೋಡು."

"ನಂಗ್ಯಾಕೆ ಚಿರತೆ?"

"ಚಿರತೆ ಅಲ್ಲ. ನೆಲ ನೋಡಾಕೆ."

ಇಬ್ಬರೂ ಫೋನು ಇಡಲಿಲ್ಲ. ನೀರು ತೆಪ್ಪದ ಮಗ್ಗುಲಿಗೆ ಬಡಿಯುವುದು ಅವಳಿಗೆ ಕೇಳುತ್ತಿತ್ತು, ಅವನಿಗೆ ಶೆವ್ವಾಪೇಟೆಯ ಹಾರ್ನು ಕೇಳುತ್ತಿದ್ದಿರಬೇಕು. ಹಾಗೇ ಇದ್ದು ಇದ್ದು ಅದಾಗಿ ಅದೇ ಕಟ್ಟಾಯಿತು.

ಅವತ್ತಿನಿಂದ ಅವಳು ಬಿಳಿ ಹಿಮವನ್ನು ಕೆಡಿಸತೊಡಗಿದಳು. ಇದ್ದಿಲನ್ನು ಅರೆದು ತೆಳು ಬಟ್ಟೆಯಲ್ಲಿ ಕಟ್ಟಿ, ಅಂಚುಗಳ ಮೇಲೆ ಮಗುವಿಗೆ ಪೌಡರು ಹಚ್ಚುವಂತೆ ತಟ್ಟಿದಳು. ರಸ್ತೆಯ ಧೂಳು ಸೋಸಿ ಇಳಿಜಾರಿಗೆ ಊದಿದಳು. ಮೇಣ ಕರಗಿಸಿ ಮೇಲೆ ಸವರಿ ಹೊಪ್ಪಳೆ ಬರಿಸಿದಳು. ಅದನ್ನು ಅಲ್ಲಲ್ಲಿ ಉಗುರಿನಿಂದ ಒಡೆದಳು. ಗೋಣಿಸೂಜಿಯನ್ನು ದೀಪದಲ್ಲಿ ಕಾಯಿಸಿ ಒಂದೊಂದು ಹಿಕ್ಕೆಗೂ ಒಂದೊಂದು ಕಡ್ಡಿಗೂ ಗುಳಿ ಕೊರೆದಳು. ಪೆಟ್ಟಿಗೆಯ ಹಿಂಬದಿಯ ಪರದೆಯಲ್ಲಿ ಬರೆದ ಸೂರ್ಯ ಎಡಕ್ಕಿದ್ದ. ಗುಳಿಗಳೆಲ್ಲ ಅವನ ಕಡೆಗೆ ಓರೆಯಾದವು.

"ಜನ ಕೊಳಕು ಅಂತಾರೆ ಸಿದ್ದಕ್ಕ" ಎಂದು ಸುಧೀಂದ್ರ ಕೈ ಹಿಸುಕಿಕೊಂಡ. "ಕಾಲೇಜಿನವರು ನಾವು ಒರೆಸೋದು ಮರೆತ್ವಿ ಅಂದ್ಕೋತಾರೆ."

"ಅನ್ಲಿ ಬಿಡಿ ಸಾರ್. ಅನ್ನೋರೆಲ್ಲಾ ಕಂಡೋರಾ?"

ಎಲ್ಲ ಮುಗಿದ ಮೇಲೆ, ಮುಂದಿನ ಬಲ ಮೂಲೆಯಲ್ಲಿ, ಬಂಡೆಯ ಮರೆಗೆ, ಅಂಗೈಯಗಲದ ಜಾಗ ಉಳಿದಿತ್ತು. ಕೋಣೆಯಿಂದ ಒಂದು ಪೊಟ್ಟಣ ತಂದಳು. ಟೀ ಚರಟವನ್ನು ಒಣಗಿಸಿ, ಹುಳು ಬಾರದಂತೆ ವಾರ್ನಿಷಿನಲ್ಲಿ ಅದ್ದಿ ತೆಗೆದಿದ್ದಳು. ಒಂದೊಂದು ಚೂರನ್ನೂ ಸೂಜಿಯ ತುದಿಯಲ್ಲೆತ್ತಿ ಅದರದರ ಗುಳಿಗೆ ಇಳಿಸಿದಳು. ಗಾಜು ಕೂರಿಸುವ ಮೊದಲು ನೋಡಲು ಬಂದ ಆರತಿಯ ಕಣ್ಣು ಹುಡುಕಿಕೊಂಡು ಹೋದಂತೆ ಅಲ್ಲಿಗೇ ಹೋಯಿತು.

"ಅಮ್ಮ, ಇದು ಟೀ ಅಲ್ವಾ? ಅಷ್ಟು ಮೇಲೆ ಮನುಷ್ಯರು ಇರಲ್ಲ."

"ಒಬ್ಬ ಇದ್ದ."

ಆರತಿ ಅವಳ ಮುಖ ನೋಡಿದಳು. ಆಮೇಲೆ ಸುಧೀಂದ್ರನಿಗೆ, "ಗಾಜು ಹಾಕಿಸಿ ಮಾಮ, ಎಲ್ಲಾ ಸರಿಯಾಗಿದೆ" ಎಂದಳು.

ಪೆಟ್ಟಿಗೆ ಕಾಲೇಜು ಸೇರಿತು. ಮೊದಲ ದಿನ ಬಂದ ಜನ ಚಿರತೆಯ ಮುಂದೆ ಸೆಲ್ಫಿ ತೆಗೆದುಕೊಂಡರು, ಹಿಮ ಯಾಕೆ ಮಾಸಿದೆ ಎಂದು ಒಬ್ಬಿಬ್ಬರು ಕೇಳಿದರು. ಸಿದ್ದಲಕ್ಷ್ಮಮ್ಮ ಬಾಗಿಲನ್ನು ನೋಡುತ್ತ ಕಂಬಕ್ಕೊರಗಿ ನಿಂತಿದ್ದಳು. ಮುಚ್ಚುವ ಹೊತ್ತಾಯಿತು. ಆಮೇಲೆ ಮಳೆಗಾಲ ಹಿಡಿಯಿತು. ಗುರುವಾರ ಗುರುವಾರ ಮ್ಯೂಸಿಯಮ್ಮಿನ ಹುಲಿ, ಚಿರತೆ ಮುಂತಾದ ಪೆಟ್ಟಿಗೆಗಳ ಗಾಜುಗಳನ್ನು ಒರೆಸುವ ಕೆಲಸವನ್ನು ಸುಧೀಂದ್ರ ಅವಳಿಗೆ ಕೊಡಿಸಿದ್ದ. ಬರುತ್ತಿದ್ದಳು, ಒರೆಸುತ್ತಿದ್ದಳು, ಹೋಗುತ್ತಿದ್ದಳು. ಇನ್ನೊಮ್ಮೆ ಫೋನು ಮಾಡಲು ಎಷ್ಟೋ ಸಲ ಕೈ ಹೋಯಿತು. ಕೇಳಲು ಏನೂ ಉಳಿದಿರಲಿಲ್ಲ. ಹೇಳಲು ಇದ್ದದ್ದು ಬಾಯಿಗೆ ಬರುತ್ತಿರಲಿಲ್ಲ.

ಆಡಿ ತಿಂಗಳ, ಆಷಾಢದ ಒಂದು ಗುರುವಾರ ಒಳಗೆ ಬರುತ್ತಿದ್ದಂತೆ ವಾಚ್‌ಮನ್ ಶಿವರಾಮನ್ ಸ್ಟೂಲಿನಿಂದಲೇ ಮಾತು ತೆಗೆದ. ಅವನದು ತಮಿಳು, ಅವಳೊಂದಿಗೆ ಮಾತ್ರ ಬಂದಷ್ಟು ಕನ್ನಡ ಬೆರೆಸುತ್ತಾನೆ.

"ಎನ್ನಮ್ಮಾ, ನಿಮ್ಮ ಚಿರತೆ ನೋಡಾಕೆ ನಿನ್ನೆ ಒಬ್ಬ ಪೈತ್ಯಕಾರನ್, ತಲೆ ಕೆಟ್ಟೋನು, ಬಂದಿದ್ದ."

"ಯಾರು?"

"ಯಾರಿಗೆ ಗೊತ್ತು. ದೊಡ್ಡ ಮೀಸೆ, ಎಗಲ ಮ್ಯಾಲೆ ಟವಲು. ಮೀನು ನಾತ. ಎಲ್ಲಾ ನಿಂತು ನೋಡ್ತಾರೆ, ಈ ಆಳು ನೆಲದ ಮ್ಯಾಲೆ ಕುಂತ್ಬಿಟ್ಟ. ಕುಂತು ಆ ಮೂಲೇನೇ ನೋಡ್ತಾನೆ. ಅರ್ಧ ಗಂಟೆ! ಚಿರತೆ ಮ್ಯಾಲೈತೆ ಅಯ್ಯಾ ಅಂದೆ. ನಾನು ಕಂಡಿದ್ದು ಇದಕ್ಕಿಂತ ಕೊಳಕಾಗಿತ್ತು ಅಂದ. ಇದನ್ನ ಮಾಡ್ದೋಳು ಯಾವಾಗ ಬತ್ತಾಳೆ ಅಂತ ಕೇಳ್ದ. ವ್ಯಾಳಕೆಳಮೈ, ಗುರುವಾರ ಬತ್ತಾರೆ, ನಾಳೆ ವಾ ಅಂದೆ."

"ಅದ್ಕೆ?"

"ತಲೆ ಆಡ್ಸಿ ಓದ. ಬಸ್ ಸ್ಟ್ಯಾಂಡ್ ಕಡೆ."

ಸಿದ್ದಲಕ್ಷ್ಮಮ್ಮ ಬಟ್ಟೆ ಹಿಡಿದು ಪೆಟ್ಟಿಗೆಯ ಹತ್ತಿರ ಬಂದಳು. ಗಾಜಿನ ಕೆಳಭಾಗದಲ್ಲಿ, ಕೂತವನ ಎತ್ತರಕ್ಕೆ, ಹಣೆ ಒತ್ತಿದ ಎಣ್ಣೆಯ ಗುರುತಿತ್ತು. ಅವಳು ಒರೆಸಲಿಲ್ಲ. ಸುತ್ತ ಒಮ್ಮೆ ನೋಡಿ, ಸೀರೆ ಒತ್ತಿಕೊಂಡು ತಾನೂ ಅಲ್ಲೇ ನೆಲದ ಮೇಲೆ ಕೂತಳು. ಅಲ್ಲಿಂದ ನೋಡಿದರೆ ಚಿರತೆ ಕಾಣುವುದೇ ಇಲ್ಲ, ಬಂಡೆ ಮರೆ ಮಾಡುತ್ತದೆ. ಕಾಣುವುದು ಮಾಸಿದ ಹಿಮದ ಒಂದು ಅಂಚು, ಟೀ ಚರಟದ ಗುಳಿಗಳು, ಅವುಗಳಾಚೆ ಬರಿದಾದ ಇಳಿಜಾರು. ಮಾಡುವಾಗ ಮೇಲಿನಿಂದ ಬಗ್ಗಿ ಮಾಡಿದ್ದಳು. ಅಲ್ಲಿ ಕೂತವನಿಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನೋಡಲು ಬೇರೆ ಏನೂ ಇಲ್ಲ. ಮಾತಾಡಲು ಯಾರೂ ಇಲ್ಲ.

ಗುರುವಾರ ಬರುತ್ತಾಳೆಂದು ತಿಳಿದೂ ಅವನು ಗುರುವಾರಕ್ಕೆ ಉಳಿಯಲಿಲ್ಲ. ಅವನಿಗೂ ಮಾತು ಗಂಟಲಲ್ಲೇ ಕೂತಿರಬೇಕು.

ಕೂತಲ್ಲೇ ಫೋನು ಮಾಡಿದಳು. ಆ ಹಳೆಯ ಹೆಂಗಸೇ ಎತ್ತಿಕೊಂಡಳು, ಈ ವರ್ಷಗಳಲ್ಲಿ ಅವಳ ದನಿಗೆ ವಯಸ್ಸೇ ಆಗಿರಲಿಲ್ಲ: "ತೊಡರ್ಬು ಎಲ್ಲೈಕ್ಕು ವೆಳಿಯೇ ಉಳ್ಳಾರ್." ಡ್ಯಾಮಿನ ನಡುನೀರಿಗೆ ಟವರ್ ಸಿಗುವುದಿಲ್ಲ. ಈ ಹೊತ್ತಿಗೆ ಬಲೆ ಎಳೆಯುತ್ತಿರುತ್ತಾನೆ. ಸಿದ್ದಲಕ್ಷ್ಮಮ್ಮ ಆ ಮಾತನ್ನು ಕೊನೆಯವರೆಗೂ ಕೇಳಿದಳು. ಈ ಸಲ ಅದನ್ನು ನಂಬಿದಳು.

ಎದ್ದು ಬಾಗಿಲಿಗೆ ಬಂದಳು. "ಶಿವರಾಮಾ, ಕೊಳತ್ತೂರಿಗೆ ಈಗ ಬಸ್ ಐತಾ?"

"ಮೇಟ್ಟೂರು ಓಗಿ ಬಸ್ ಬದ್ಲಾಯಿಸ್ಬೇಕು. ಮೇಟ್ಟೂರಿಗೆ ಸುಮ್ನೆ ಬತ್ತಾನೇ ಇರ್ತವೆ. ಯಾಕಮ್ಮಾ? ಉಲಿ ಪೆಟ್ಟಿ ಇನ್ನೂ ಒರ್ಸಿಲ್ಲ ನೀವು!"

"ಕೇಳ್ದೆ, ಅಷ್ಟೇ" ಎಂದಳು.

ಬಟ್ಟೆ ಕೈಯಲ್ಲಿದ್ದ ಹಾಗೇ ಗೇಟು ದಾಟಿ ಬಸ್ ಸ್ಟ್ಯಾಂಡಿನ ಕಡೆಗೆ ತಿರುಗಿದಳು. ಹುಲಿಯ ಪೆಟ್ಟಿಗೆಯ ಗಾಜು ಆ ಗುರುವಾರ ಒರೆಸದೆ ಉಳಿಯಿತು.